ಹೊಡಿ, ಕೊಟ್ಟು, ಮಾರ್

ಹೋದ ವರ್ಷ ನಮ್ಮ ಓಣಿಯ ಗಣಪತಿ ಹೊರಟಾಗ ರಾತ್ರಿ ಹತ್ತು ದಾಟಿತ್ತು. ಸನತ್‌ನಗರದಲ್ಲಿ ನಾನಿರುವ ಹಾಸ್ಟೆಲ್ಲಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಾವು ನಾಲ್ವರು ಹುಡುಗಿಯರು ಒಣಹಾಕಿದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ನಿಂತಿದ್ದೆವು. ಕೆಳಗೆ ಟ್ರ್ಯಾಕ್ಟರ್, ಅದರ ಹಿಂದೆ ಆಳೆತ್ತರದ ಸ್ಪೀಕರ್‌ಗಳು, ಅವುಗಳ ಹಿಂದೆ ಕುಣಿಯುವ ಹುಡುಗರು. ‘ಕನ್ನೇ ಅದಿರಿಂದಿ’ ಶುರುವಾದದ್ದೇ ತಡ, ಮಂಡ್ಯದ ನನ್ನ ರೂಮ್‌ಮೇಟ್ ರೇಗಿದಳು: “ಇದು ನಮ್ಮ ಹಾಡು ಕಣೇ. ತೆಲುಗಿನೋರು ಹೊಡ್ಕೊಂಬುಟ್ರು!”

ವರಂಗಲ್ಲಿನವಳು ಏನಾಯಿತೆಂದು ನನ್ನ ಮುಖ ನೋಡಿದಳು. ‘ಕೊಟ್ಟೇಸಾರು’ ಅಂತಿದ್ದಾಳೆ ಎಂದೆ. ತಿರುನೆಲ್ವೇಲಿಯವಳು ನಕ್ಕು, ತಮ್ಮಲ್ಲೂ ಕದ್ದರೆ ‘ಅಡಿಚ್ಚಿಟ್ಟಾಂಗ’ ಅಂತಲೇ ಹೇಳುತ್ತೇವೆ ಎಂದಳು. ಗದ್ದಲ ಕೇಳಿ ಮೇಲೆ ಬಂದ ಹಾಸ್ಟೆಲ್ ಆಂಟಿ, ಅವರು ಹಳೇ ಹೈದರಾಬಾದಿನವರು, ಗಾಬರಿಯಿಂದ ಕೇಳಿದರು: “ಕ್ಯಾ ಮಾರ್ ಲಿಯೇ? ಕೌನ್ ಮಾರ್ ಲಿಯೇ?”

ಹೊಡಿ, ಕೊಟ್ಟು, ಅಡಿ, ಮಾರ್. ನಾಲ್ಕು ಭಾಷೆ, ನಾಲ್ಕೂ ಕಡೆ ಪೆಟ್ಟು ಕೊಡುವ ಕ್ರಿಯಾಪದ, ನಾಲ್ಕಕ್ಕೂ ಕದಿಯುವುದು ಎಂಬ ಅರ್ಥ. ಆವತ್ತಿನಿಂದ ನನಗೆ ಇದೊಂದು ಚಟವೇ ಆಗಿಬಿಟ್ಟಿದೆ. ಕಿವಿಗೆ ಬಿದ್ದ ಪ್ರತಿ ಹಾಡಿನಲ್ಲೂ ಯಾರು ಯಾರಿಗೆ ಏನು ಹೊಡೆಯುತ್ತಿದ್ದಾರೆ ಎಂದು ಲೆಕ್ಕ ಹಾಕುವುದು.

ಲೆಕ್ಕ ದೊಡ್ಡದಿದೆ. ಕನ್ನಡದಲ್ಲಿ ಸೀಟಿ ಹೊಡೆಯುತ್ತೇವೆ, ಕಣ್ಣು ಹೊಡೆಯುತ್ತೇವೆ, ಲೈನ್ ಹೊಡೆಯುತ್ತೇವೆ, ಎಣ್ಣೆ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ. ಕೊನೆಗೆ ಬೋರ್ ಕೂಡ ಹೊಡೆಯುತ್ತದೆ. ತೆಲುಗಿನವರು ಸೈಟ್ ಕೊಡ್ತಾರು, ಮಂದು ಕೊಡ್ತಾರು, ಬೋರ್ ಕೊಡುತುಂದಿ. ತಮ್ಮನ್ನು ತಾವೇ ಹೊಗಳಿಕೊಂಡರೆ ಅದು ಡಬ್ಬಾ ಕೊಟ್ಟುಕೊಳ್ಳುವುದು. ತಮಿಳಿನಲ್ಲಿ ಸೈಟ್ ಅಡಿ, ತಣ್ಣಿ ಅಡಿ, ಬೋರ್ ಅಡಿ. ನಮ್ಮ ಆಂಟಿಯ ದಖನಿಯಲ್ಲಿ ಲೈನ್ ಮಾರ್, ಆಂಖ್ ಮಾರ್, ಚಕ್ಕರ್ ಮಾರ್. ಯಾವ ಭಾಷೆ ಯಾವುದರಿಂದ ಹೊಡೆದುಕೊಂಡಿತು ಎಂದು ಕೇಳಬಹುದು. ಆದರೆ ಆ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಮಾಡಿದ ಅಧ್ಯಯನವೊಂದು 1971ರಲ್ಲಿ ಪ್ರಕಟವಾಯಿತು. ಒಂದೇ ಊರಲ್ಲಿ ತಲೆತಲಾಂತರದಿಂದ ಕನ್ನಡ, ಮರಾಠಿ, ಉರ್ದು ಆಡುವವರಿದ್ದರು. ಅವರ ಪದಗಳು ಬೇರೆ ಬೇರೆಯಾಗಿಯೇ ಉಳಿದಿದ್ದವು, ವಾಕ್ಯದ ಕಟ್ಟಡ ಮಾತ್ರ ಒಂದೇ ಆಗಿಬಿಟ್ಟಿತ್ತು. ಒಂದು ಭಾಷೆಯ ವಾಕ್ಯದಲ್ಲಿ ಪದ ತೆಗೆದು ಪದ ಇಟ್ಟರೆ ಇನ್ನೊಂದು ಭಾಷೆಯ ವಾಕ್ಯ ಸಿದ್ಧ. ನಮ್ಮ ಬಾಲ್ಕನಿಯಲ್ಲಿ ಆವತ್ತು ಆದದ್ದೂ ಅದೇ. ಮೂಲ ಪ್ರತಿ ಯಾರ ಹತ್ತಿರವೂ ಇಲ್ಲ. ಎಲ್ಲರ ಹತ್ತಿರವೂ ಇರುವುದು ಅನುವಾದವೇ.

ಇನ್ನು ಮಂಡ್ಯದವಳ ಆರೋಪದ ವಿಚಾರ. ಅದು ಸುಳ್ಳು. ‘ರಾಬರ್ಟ್’ ಸಿನಿಮಾ 2021ರ ಮಾರ್ಚ್‌ನಲ್ಲಿ ಕನ್ನಡ, ತೆಲುಗು ಎರಡರಲ್ಲೂ ಬಂತು. ಎರಡಕ್ಕೂ ಅರ್ಜುನ್ ಜನ್ಯ ಅವರದೇ ಸಂಗೀತ. ಕನ್ನಡದ ‘ಕಣ್ಣು ಹೊಡಿಯಾಕ’ ಬರೆದವರು ಯೋಗರಾಜ್ ಭಟ್, ಹಾಡಿದವರು ಶ್ರೇಯಾ ಘೋಷಾಲ್. ತೆಲುಗಿನ ‘ಕನ್ನೇ ಅದಿರಿಂದಿ’ ಬರೆದವರು ಕಾಸರ್ಲ ಶ್ಯಾಮ್, ಹಾಡಿದವರು ಮಂಗ್ಲಿ. ಕದ್ದದ್ದಲ್ಲ, ಮನೆಯವರೇ ಹಂಚಿಕೊಂಡದ್ದು. ಆದರೂ ಅವಳ ಸಿಟ್ಟಿಗೆ ಕಾರಣವಿತ್ತು. ಕರ್ನಾಟಕದ ಮದುವೆ, ಉತ್ಸವಗಳಲ್ಲೂ ಎಷ್ಟೋ ಸಲ ತೆಲುಗಿನ ಹಾಡೇ ಮೊಳಗುತ್ತದೆ.

ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕೇಳಿದರೆ ಒಂದು ವಿಷಯ ಗೊತ್ತಾಗುತ್ತದೆ. ಕನ್ನಡದ ಹಾಡಿನಲ್ಲಿ ಹುಡುಗಿ ಕಣ್ಣು ಹೊಡೆಯುವುದನ್ನು ಹೊಸದಾಗಿ ಕಲಿತಿದ್ದಾಳೆ. ನಮ್ಮ ಸಿನಿಮಾ ಹಾಡುಗಳ ಲೋಕದಲ್ಲಿ ಹೊಡೆಯುವ ಕೆಲಸವೆಲ್ಲ ಗಂಡಸರದು. ಲೈನ್ ಹೊಡೆಯುವವನು ಅವನು, ಸೀಟಿ ಹೊಡೆಯುವವನು ಅವನು. 2005ರ ‘ಜೋಗಿ’ಯಲ್ಲಿ ಗುರುಕಿರಣ್ ಸಂಗೀತದ ‘ಹೊಡಿ ಮಗ’ ಬಂದಾಗ ನಾನು ಶಾಲೆಯಲ್ಲಿದ್ದೆ. ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು, ನಾವು ಗೋಡೆಗೆ ಆತು ನಿಂತಿರುತ್ತಿದ್ದೆವು. ಅಂಥ ಕ್ರಿಯಾಪದವನ್ನು ಒಬ್ಬ ಹುಡುಗಿಯ ಬಾಯಿಗೆ ಕೊಟ್ಟು, ಅವಳೇ ಕರ್ತೃವಾಗಿ, ಅದೂ ಕಲಿಕೆಯ ಉತ್ಸಾಹದಲ್ಲಿ ಹೇಳಿಸಿದ್ದು ಸಣ್ಣ ಕೆಲಸವಲ್ಲ. ಭಟ್ಟರ ಎಲ್ಲ ಹಾಡುಗಳ ಬಗ್ಗೆ ನನಗೆ ಈ ಮಾತು ಹೇಳಲಾಗದು. ಕುಡಿತದ ಹಾಡುಗಳಲ್ಲಿ ಅವರ ಚಮತ್ಕಾರ ಎರಡನೇ ಸಲಕ್ಕೇ ಸಪ್ಪೆಯಾಗುತ್ತದೆ.

ತೆಲುಗಿಗೆ ಬಂದಾಗ ಕಣ್ಣು ಹೊಡೆಯುವುದು ಮಾಯವಾಯಿತು. ತೆಲುಗಿನಲ್ಲಿ ‘ಕನ್ನು ಕೊಟ್ಟು’ ಇಲ್ಲವೆಂದೇನಲ್ಲ, ಧಾರಾಳವಾಗಿದೆ. ಆದರೆ ಕಾಸರ್ಲ ಶ್ಯಾಮ್ ‘ಅದಿರಿಂದಿ’ಯನ್ನು ಆರಿಸಿಕೊಂಡರು. ಅದಿರು ಎಂದರೆ ನಡುಗು. ನಮ್ಮ ಹಳಗನ್ನಡದಲ್ಲೂ ಅದಿರ್ ಇದೆ, ಇವತ್ತಿನ ಬಾಯಲ್ಲಿ ಅದು ಅದುರು. ಕಣ್ಣು ಅದುರುವುದು ಎರಡೂ ಕಡೆ ಶಕುನ: ಹೆಂಗಸರಿಗೆ ಎಡಗಣ್ಣು ಒಳ್ಳೆಯದು, ಬಲಗಣ್ಣು ಕೆಟ್ಟದ್ದು. ಕಾಳಿದಾಸನ ಶಕುಂತಲೆಗೆ ದುಷ್ಯಂತನ ಸಭೆಯಲ್ಲಿ ಅದುರಿದ್ದು ಬಲಗಣ್ಣು. ಅದಿರಲಿ. ಇವತ್ತಿನ ತೆಲುಗು ಹುಡುಗರ ಮಾತಿನಲ್ಲಿ ‘ಅದಿರಿಂದಿ’ ಎಂದರೆ ಸೂಪರ್, ನೆಲ ನಡುಗುವಷ್ಟು ಚೆನ್ನಾಗಿದೆ ಅಂತ. 2010ರಲ್ಲಿ ಇದಕ್ಕೆ ಇಂಗ್ಲಿಷಿನ ಬಹುವಚನ ಅಂಟಿಸಿ ‘ಅದುರ್ಸ್’ ಎಂಬ ಸಿನಿಮಾನೇ ಮಾಡಿದರು. ಇನ್ನು ‘ಕನ್ನೇ’. ದೀರ್ಘವಾಗಿ ಕೇಳಿಸಿಕೊಂಡರೆ ಕಣ್ಣೇ, ಹ್ರಸ್ವವಾಗಿ ಕೇಳಿಸಿಕೊಂಡರೆ ಕನ್ನೆ, ಅಂದರೆ ಹುಡುಗಿ. ಕಣ್ಣು ಅದುರಿತು, ಹುಡುಗಿ ನಡುಗಿದಳು, ಹುಡುಗಿ ಸೂಪರ್: ಎರಡು ಪದಕ್ಕೆ ಮೂರು ಅರ್ಥ. ಕನ್ನಡದಲ್ಲಿ ಣಕಾರ ಇರುವುದರಿಂದ ಈ ಆಟ ನಮಗೆ ಸಿಗುವುದೇ ಇಲ್ಲ.

ಪದದ ಕಸುಬಿನಲ್ಲಿ ತೆಲುಗಿನದು ಗೆದ್ದಿದೆ ಎಂದು ಒಪ್ಪುತ್ತೇನೆ. ಆದರೆ ಗೆಲ್ಲುವಾಗ ಒಂದನ್ನು ಕಳೆದುಕೊಂಡಿದೆ. ಹೊಡೆಯುವುದು ನಾವು ಮಾಡುವ ಕೆಲಸ, ಅದುರುವುದು ನಮಗೆ ಆಗುವ ಸಂಗತಿ. ಕನ್ನಡದ ಹುಡುಗಿ ಏನೋ ಮಾಡುತ್ತಾಳೆ, ತೆಲುಗಿನ ಹುಡುಗಿಗೆ ಏನೋ ಆಗುತ್ತದೆ. ಮಂಗ್ಲಿಯ ದನಿ ಈ ಕೊರತೆಯನ್ನು ಮುಚ್ಚಿಬಿಡುತ್ತದೆ ಎನ್ನುವುದು ಬೇರೆ ಮಾತು. ಆ ದನಿಯಲ್ಲಿ ನಡುಗುವವಳ ಲಕ್ಷಣವೇ ಇಲ್ಲ.

ನಡುಗಿಸುವುದು ಹೊಗಳಿಕೆಯಾಗುವುದು ನಮಗೂ ಹೊಸದಲ್ಲ. ಬೆಂಗಳೂರಿನವರ ‘ಸಖತ್’ ಫಾರಸಿ ಮೂಲದ ಸಖ್ತ್, ಅಂದರೆ ಗಟ್ಟಿ, ಕಠಿಣ. ನಮ್ಮ ಹಾಸ್ಟೆಲ್ಲಿನಲ್ಲಿ ಎರಡೂ ಒಟ್ಟಿಗೆ ಬದುಕುತ್ತವೆ. ಮಂಡ್ಯದವಳಿಗೆ ಬಿರಿಯಾನಿ ಸಖತ್, ಆಂಟಿಗೆ ಗೇಟ್ ಮುಚ್ಚುವ ಟೈಮು ಸಖ್ತ್.

ಈ ದಾಟುವಿಕೆಯಲ್ಲಿ ಎಡವಿದ ಪದವೂ ಇದೆ. ‘ಆರ್‌ಆರ್‌ಆರ್’ ಸಿನಿಮಾದ, ಚಂದ್ರಬೋಸ್ ಬರೆದ ‘ನಾಟು ನಾಟು’ 2023ರ ಮಾರ್ಚ್‌ನಲ್ಲಿ ಆಸ್ಕರ್ ತೆಗೆದುಕೊಂಡಾಗ ನಮ್ಮ ಲ್ಯಾಬಿನಲ್ಲಿ ಮಿಠಾಯಿ ಹಂಚಿದರು. ಅದರ ಕನ್ನಡ ರೂಪದ ಹೆಸರು ‘ಹಳ್ಳಿ ನಾಟು’. ಹಳ್ಳಿ ಯಾಕೆ ಸೇರಿತು? ಕನ್ನಡದಲ್ಲಿ ಬರೀ ‘ನಾಟು’ ಎಂದರೆ ಚುಚ್ಚು, ಊರು. ಮುಳ್ಳು ನಾಟುತ್ತದೆ, ಬಾಣ ನಾಟುತ್ತದೆ. ತೆಲುಗಿನ ನಾಟು ನಾಡಿನ ಕಡೆಯ ಪದ. ಇಲ್ಲಿನ ಹೋಟೆಲ್ ಬೋರ್ಡುಗಳ ‘ನಾಟು ಕೋಡಿ’ ನಿಮಗೂ ಗೊತ್ತು. ಅದಕ್ಕೆ ಹತ್ತಿರದ್ದು ಕನ್ನಡದ ‘ನಾಟಿ’, ನಾಟಿ ಕೋಳಿಯ ನಾಟಿ. ಆದರೆ ತಾಳಕ್ಕೆ ‘ನಾಟು’ವೇ ಬೇಕಿತ್ತು. ಹಾಗಾಗಿ ಅರ್ಥಕ್ಕೊಂದು ಊರುಗೋಲಾಗಿ ಹಳ್ಳಿ ಬಂತು. ಊರುಗೋಲು ಕಂಡ ಮೇಲೆ ಕುಣಿತ ಹೇಗೆ ಸಲೀಸಾದೀತು?

ಸೇಡಂ ಹತ್ತಿರದ ನಮ್ಮೂರಿನಲ್ಲಿ ನಾಟಿ ಎಂದರೆ ಭತ್ತದ್ದು. ಕೋಳಿಗೆ, ಕಾಯಿಪಲ್ಲೆಗೆ, ಮನುಷ್ಯರಿಗೆ ನಾವು ಅನ್ನುವುದು ಜವಾರಿ. ಜವಾರಿ ಕೋಳಿ, ಜವಾರಿ ಮಂದಿ, ಜವಾರಿ ಹಾಡು. ತಂಬೂರಿಯ ಕುದುರೆಯ ಮೇಲೆ ತಂತಿ ಒರಸಿ ಝೇಂಕಾರ ಹುಟ್ಟುತ್ತದಲ್ಲ, ಹಿಂದೂಸ್ತಾನಿಯವರು ಅದಕ್ಕೂ ಜವಾರಿ ಎನ್ನುತ್ತಾರೆ. ಎರಡಕ್ಕೂ ನಂಟು ಕಟ್ಟಿ ಒಂದು ಸುಂದರ ಪ್ಯಾರಾ ಬರೆಯಲು ಕೈ ತುರಿಸುತ್ತದೆ. ಆದರೆ ಸದ್ದಿನ ಹೋಲಿಕೆ ಬಿಟ್ಟರೆ ನನ್ನ ಕೈಯಲ್ಲಿ ಬೇರೇನೂ ಇಲ್ಲ. ಪದಮೂಲದ ಹೆಸರಿನಲ್ಲಿ ನಡೆಯುವ ಅರ್ಧ ವ್ಯಾಪಾರ ಇಂಥದ್ದೇ. ಸನತ್‌ನಗರವನ್ನು ಸನತ್ಕುಮಾರನಿಗೆ ಒಪ್ಪಿಸಿದವರನ್ನೂ ನಾನು ನೋಡಿದ್ದೇನೆ. ಉರ್ದುವಿನಲ್ಲಿ ಸನಅತ್ ಎಂದರೆ ಕೈಗಾರಿಕೆ; ಕಾರ್ಖಾನೆಗಳ ಈ ಊರಿಗೆ ಅದೇ ಒಪ್ಪುತ್ತದೆ. ಕವಿತೆಯ ಅಲಂಕಾರಕ್ಕೂ ಉರ್ದುವಿನಲ್ಲಿ ಇದೇ ಪದ ಎಂದು ಆಂಟಿಯಿಂದ ಕಲಿತೆ.

ಮೆರವಣಿಗೆಗೆ ಮರಳುತ್ತೇನೆ. ಟ್ರ್ಯಾಕ್ಟರಿನ ಡಿಜೆ ಕೆಟ್ಟಿತು. ಆಗ ಹಿಂದಿದ್ದ ದಪ್ಪಿನವರು ಮುಂದೆ ಬಂದರು, ತೀನ್‌ಮಾರ್ ಶುರುವಾಯಿತು. ಹೈದರಾಬಾದಿಗೆ ಬಂದ ಹೊಸದರಲ್ಲಿ ತೀನ್‌ಮಾರ್ ಎಂದರೆ ಸಿನಿಮಾದ ಹೆಸರು ಅಂದುಕೊಂಡಿದ್ದೆ. ಮೂರು ಪೆಟ್ಟು, ಅಷ್ಟೇ. ಬೋನಾಲು, ಬಾರಾತ್, ಚುನಾವಣೆಯ ಗೆಲುವು, ಎಲ್ಲಕ್ಕೂ ಅದೇ. ಹಳೇ ನಗರದ ಮರ್ಫಾದಲ್ಲೂ ತೀನ್‌ಮಾರ್ ಉಂಟು. ನಿಜಾಮರ ಸೈನ್ಯಕ್ಕೆಂದು ಯೆಮೆನ್ನಿನ ಹದ್ರಮೌತ್‌ನಿಂದ, ಆಫ್ರಿಕಾದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ಬಾರ್ಕಸ್, ಎ.ಸಿ. ಗಾರ್ಡ್ಸ್ ಕಡೆ ಉಳಿಸಿಕೊಂಡು ಬಂದ ವಾದ್ಯ ಅದು. ಪದ ಅಲ್ಲಿಗೂ ನಿಲ್ಲಲಿಲ್ಲ. ವಿ6 ಚಾನೆಲ್ ತೆಲಂಗಾಣದ ಆಡುಮಾತಿನ ಸುದ್ದಿ ಕಾರ್ಯಕ್ರಮಕ್ಕೆ ‘ತೀನ್‌ಮಾರ್’ ಎಂದೇ ಹೆಸರಿಟ್ಟಿತು. ಮಂಗ್ಲಿ ಜನರಿಗೆ ಮೊದಲು ಪರಿಚಯವಾದದ್ದೂ ಆ ಚಾನೆಲ್ಲಿನಿಂದಲೇ. ಪೆಟ್ಟಿನ ಲೆಕ್ಕ ಮಾತಿನ ಧಾಟಿಯ ಹೆಸರಾಯಿತು.

ನಾವು ಕೆಳಗಿಳಿದು ನೋಡುತ್ತಾ ನಿಂತೆವು. ದಪ್ಪಿನವರಲ್ಲಿ ಒಬ್ಬರು ಮಕ್ತಲ್ ಕಡೆಯವರು, ಐವತ್ತರ ಆಸುಪಾಸು. ನಮ್ಮ ಮಾತು ಕಿವಿಗೆ ಬಿದ್ದು “ಯಾವೂರವ್ವ?” ಅಂದರು. ಖುಷಿಯಲ್ಲಿ ನಾನು ಒದರಿದೆ: “ಭಾಳ ಚಲೋ ಬಡೀತೀರಿ, ಕಾಕಾ.”

ಅವರು ಸಿಟ್ಟು ಮಾಡಲಿಲ್ಲ. ದಪ್ಪನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾ ಹೇಳಿದರು: “ಬಡಿಯೋದು ದನಕ್ಕವ್ವ. ನಾವು ದರುವು ಹಾಕ್ತೀವಿ.”

ಹಾಸಿಗೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಕನ್ನಡದಲ್ಲಿ ವೀಣೆ ನುಡಿಸುತ್ತಾರೆ, ತಂತಿ ಮೀಟುತ್ತಾರೆ, ಮೃದಂಗ ಬಾರಿಸುತ್ತಾರೆ. ಹಲಗಿ ಮಾತ್ರ ಬಡಿಯುತ್ತಾರೆ. ಒಂದು ವಾದ್ಯಕ್ಕೆ ನುಡಿ ಕೊಟ್ಟು ಇನ್ನೊಂದಕ್ಕೆ ಪೆಟ್ಟು ಕೊಟ್ಟದ್ದು ವ್ಯಾಕರಣವಲ್ಲ, ಅದು ಯಾರ ಕೈಯಲ್ಲಿ ಯಾವ ವಾದ್ಯ ಇತ್ತು ಎಂಬುದರ ಲೆಕ್ಕ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳು ‘ತಮಟೆ ವಾದಕ’ ಎಂದು ಬರೆದವು. ಬಡಿಯುವವರು ವಾದಕರಾಗಲು ದೆಹಲಿಯ ಪತ್ರ ಬರಬೇಕಾಯಿತು. ಆ ಕಾಕಾ ಹೇಳಿದ ದರುವು, ನಮ್ಮ ದೊಡ್ಡಾಟದ ದರು, ಕರ್ನಾಟಕ ಸಂಗೀತದವರ ದರು, ಇವೆಲ್ಲ ಧ್ರುವದಿಂದ ಬಂದವು ಎಂದು ಬಲ್ಲವರು ಹೇಳುತ್ತಾರೆ. ಅಂದರೆ ಆತ ತನ್ನ ಕೆಲಸಕ್ಕೆ ಬಳಸಿದ ಪದ ಸಂಗೀತದ ಒಳಗಿನದು. ನಾನು ಬಳಸಿದ್ದು ಬೀದಿಯಲ್ಲಿ ನಿಂತು ನೋಡುವವರದು. ಸ್ಲ್ಯಾಂಗ್ ಎಂದರೆ ಕೆಳಗಿನವರ ಮಾತು, ಶಿಷ್ಟ ಎಂದರೆ ಮೇಲಿನವರದು ಎಂದು ಪಾಠದಲ್ಲಿ ಓದಿದ್ದೆ. ಆ ರಾತ್ರಿ ಅದು ತಿರುವುಮುರುವಾಗಿತ್ತು.

ಆ ಒಂದು ಪದಕ್ಕೆ ಅಷ್ಟು ನಾಚಿಕೆಯಾದದ್ದಕ್ಕೆ ನನ್ನದೇ ಕಾರಣವೂ ಇದೆ. ಓದು ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಬೆಂಗಳೂರಿನಲ್ಲಿ. ಊಟದ ಹೊತ್ತಿಗೆ ಸಹೋದ್ಯೋಗಿಗಳು ನನ್ನನ್ನು ಮಾತಾಡಿಸುತ್ತಿದ್ದರು. ಮಾತಿಗಾಗಿ ಅಲ್ಲ, ದನಿಗಾಗಿ. “ಏನ್ ಮಾಡ್ಲಾಕತ್ತಿ” ಅನ್ನಿಸಿ ನಗುತ್ತಿದ್ದರು. ಕೆಟ್ಟವರಲ್ಲ, ಜ್ವರ ಬಂದಾಗ ಗಂಜಿ ತಂದುಕೊಟ್ಟವರೂ ಅವರೇ. ಆರು ತಿಂಗಳಲ್ಲಿ ನನ್ನ ಕನ್ನಡವನ್ನು ನಾನೇ ಒಗೆದು ಇಸ್ತ್ರಿ ಮಾಡಿದೆ. ಹೈದರಾಬಾದಿಗೆ ಬಂದಾಗ ಮೊದಲ ನೆಮ್ಮದಿ ಅಂದರೆ ಇಲ್ಲಿ ಯಾರಿಗೂ ಒಂದು ಕನ್ನಡಕ್ಕೂ ಇನ್ನೊಂದಕ್ಕೂ ಫರಕು ಗೊತ್ತಿಲ್ಲ ಎನ್ನುವುದು.

ವರಂಗಲ್ಲಿನ ಗೆಳತಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಚಿಕ್ಕವಳಿದ್ದಾಗ ತೆಲುಗು ಸಿನಿಮಾಗಳಲ್ಲಿ ತೆಲಂಗಾಣದ ಮಾತು ಆಡುತ್ತಿದ್ದವರು ಹೆಚ್ಚಾಗಿ ರೌಡಿಗಳು, ನಗಿಸುವವರು. ರಾಜ್ಯವಾದದ್ದು 2014ರ ಜೂನ್‌ನಲ್ಲಿ. 2017ರಲ್ಲಿ ‘ಫಿದಾ’ ಬಂತು, ಸುದ್ದಾಲ ಅಶೋಕ್ ತೇಜ ಬರೆದ ‘ವಚ್ಚಿಂಡೆ’ ಬಂತು. ಶಿಷ್ಟ ತೆಲುಗಿನ ‘ವಚ್ಚಾಡು’ ಎನ್ನುವಲ್ಲಿ ಅವಳ ಅಜ್ಜಿ ಅನ್ನುವ ರೂಪ ಅದು. ಸಿನಿಮಾ ನೋಡಿ ಬಂದ ದಿನ ಅವಳಮ್ಮ ಫೋನಿನಲ್ಲಿ ಹಾಡಿ ತೋರಿಸಿದರಂತೆ. 2023ರ ‘ಬಲಗಂ’ ಹೊತ್ತಿಗೆ ಈ ಮಾತಿನಲ್ಲಿ ಸಾವು, ಮುನಿಸು, ಕೂಳಿನ ಸಂಕಟ ಎಲ್ಲ ಹೇಳುವುದು ಸಹಜವಾಗಿತ್ತು. ಕುಣಿತಕ್ಕೆ ಮಾತ್ರ ಸಾಲುವ ಮಾತು ಅಳುವುದಕ್ಕೂ ಒದಗಿತು. ಆಡುಮಾತು ಹಾಡಿಗೆ ಬಂದಿದೆ ಎನ್ನಲು ನಾನು ಇಡುವ ಪರೀಕ್ಷೆ ಇದೇ.

ಇದರಲ್ಲಿ ‘ಕಣ್ಣು ಹೊಡಿಯಾಕ’ ಪಾಸಾಗುತ್ತದೆಯೇ? ಅರ್ಧ. ಉತ್ತರ ಕರ್ನಾಟಕದ ಮಾತು ಕನ್ನಡ ಸಿನಿಮಾಕ್ಕೆ ಬೇಕಾಗುವುದು ರಂಗು ಹಚ್ಚಲು. ಆ ರಂಗು ಒಂದೇ ಡಬ್ಬಿಯದು: ಕೊನೆಗೊಂದು ‘ಆಕ’, ಒಂದು ‘ರೀ’, ಒಂದು ‘ಹೌದಲ್ಲೋ’. ಧಾರವಾಡ, ಬೆಳಗಾವಿ, ಬಾಗಲಕೋಟೆ, ರಾಯಚೂರು, ಬೀದರ್ ಎಲ್ಲಕ್ಕೂ ಅದೇ. ಬೇಗಂಪೇಟೆಯಲ್ಲಿ ರೈಲು ಹತ್ತಿ ಊರಿಗೆ ಹೋಗುವಾಗ ಸೇಡಂ ಆದಮೇಲೆ ಮಳಖೇಡ ರೋಡ್ ಎಂಬ ಸ್ಟೇಷನ್ ಬರುತ್ತದೆ, ಬಂಡೆ ಮತ್ತು ಸಿಮೆಂಟಿನ ಧೂಳಿನ ನಡುವೆ. ಅದೇ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಲ್ಲಿ ಕೂತು ಕವಿರಾಜಮಾರ್ಗಕಾರ, ಕನ್ನಡಗಳು ಎಷ್ಟಿವೆಯೆಂದರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂಬರ್ಥದ ಮಾತು ಹೇಳಿದ. ಅದೇ ಸೀಮೆಯವಳಾದ ನನಗೆ ಸಿನಿಮಾ ಕೊಟ್ಟದ್ದು ಒಂದೇ ‘ಉತ್ತರ ಕರ್ನಾಟಕ ಭಾಷೆ’. ಯೂಟ್ಯೂಬಿನ ಜಾನಪದ ಗಾಯಕರು ಇದಕ್ಕಿಂತ ವಾಸಿ. ಮಾಳು ನಿಪನಾಳ ಅವರ ‘ನಾ ಡ್ರೈವರಾ’ ಥರದ ಹಾಡುಗಳಲ್ಲಿ ಇಂಗ್ಲಿಷ್ ಪದಕ್ಕೂ ಬೆಳಗಾವಿ ಸೀಮೆಯ ಬಾಲ ಹತ್ತಿರುತ್ತದೆ. ಅದನ್ನು ಯಾರೂ ಹಚ್ಚಿದ್ದಲ್ಲ, ಬಾಯಿಂದ ಹಾಗೇ ಬಂದದ್ದು. ಅಂಥ ಎಷ್ಟೋ ಹಾಡುಗಳಲ್ಲಿ ಹುಡುಗಿ ಬರೀ ಮೋಸ ಮಾಡುವವಳು ಎಂಬ ತಕರಾರು ನನಗಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಇಷ್ಟೆಲ್ಲ ಯೋಚಿಸಿದ ಮೇಲೆ, ಹೋದ ವಾರ, ಮಂಡ್ಯದವಳು ಬಟ್ಟೆ ಮಡಚುತ್ತಾ ಅದೇ ಹಾಡು ಗುನುಗುತ್ತಿದ್ದಳು. ನಮ್ಮ ಕಡೆ ಹಾಗನ್ನುವುದಿಲ್ಲ ಎಂದೆ. ಮತ್ತೆ? ‘ಹೊಡಿಲಾಕ’ ಅಂತೇವಿ. ಅವಳು ‘ಯಾ’ ತೆಗೆದು ‘ಲಾ’ ಇಟ್ಟು ಹಾಡಿನೋಡಿದಳು. ಒಂದು ಮಾತ್ರೆಯೂ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. “ಕೂತ್ಕೊಳ್ತಲ್ಲೇ!” ಎಂದು ಇನ್ನೊಮ್ಮೆ ಹಾಡಿದಳು. ನಾನು ನಗದೆ, ಗೋಡೆಯ ಮೇಲೆ ಬೆರಳಿನಿಂದ ಮೂರು ಪೆಟ್ಟಿನ ದರುವು ಹಾಕಿದೆ. ಕೆಳಗಿನಿಂದ ಆಂಟಿ ಕೂಗಿದರು, ಗ್ಯಾರಾ ಬಜ್ ಗಯೇ.